ಹಿತ್ತಲ ಬಾರ್ಬೆಕ್ಯೂ: ಮಸಾಲೆ ಆಮೇಲೆ, ಮೊದಲು ಕೆಂಡ

ಮಳೆ ಹಿಂದೆ ಸರಿದು ನವೆಂಬರ್ ಬಂತೆಂದರೆ ಗೋವಾದ ಹಿತ್ತಲುಗಳಲ್ಲಿ ಹೊಗೆ ಏಳುವುದು ಶುರು. ವಾಸ್ಕೊ, ಮಡಗಾಂವ್, ಫೋಂಡಾ ಕಡೆಯ ಕನ್ನಡದ ಮನೆಗಳೂ ಇದಕ್ಕೆ ಹೊರತಲ್ಲ. ಶನಿವಾರ ಹುಬ್ಬಳ್ಳಿ ಬಸ್ಸಿಗೆ ನೆಂಟರು ಬಂದಿಳಿದರೆ ಮಧ್ಯಾಹ್ನ ಬೀಚು, ರಾತ್ರಿ ಬಾರ್ಬೆಕ್ಯೂ. ಆದರೆ ಬಹಳ ಕಡೆ ಆಗುವುದೇನು? ಚಿಕನ್ ಹೊರಗೆ ಕರಿ, ಒಳಗೆ ಹಸಿ. ಮೀನು ಅರ್ಧ ತಟ್ಟೆಗೆ, ಅರ್ಧ ಜಾಲರಿಗೆ. ಮಸಾಲೆಯೇ ಸರಿಯಿಲ್ಲ ಅಂದುಕೊಂಡು ಮುಂದಿನ ಸಲ ಬೇರೆ ಪ್ಯಾಕೆಟ್ ತರುತ್ತೇವೆ. ಪಾಪ, ಮಸಾಲೆಯದ್ದೇನೂ ತಪ್ಪಿರುವುದಿಲ್ಲ. ಕೆಂಡ ಸರಿ ಇರುವುದಿಲ್ಲ, ಅಷ್ಟೇ.

ಒಲೆ ಎಲ್ಲಿ, ಎಂಥದ್ದು

ಅಂಗಡಿಯ ಗ್ರಿಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಗೋವಾದಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿಗೆ ಬರವೇ? ಒಣಗಿದ ಕಲ್ಲುಗಳನ್ನು ಮೂರು ಕಡೆ ಜೋಡಿಸಿ, ಒಂದು ಕಡೆ ಗಾಳಿಗೆ ತೆರೆದಿಡಿ. ಮಳೆ ನೀರು ಕುಡಿದ ಕಲ್ಲು ಬೇಡ, ಬಿಸಿಗೆ ಸೀಳಿಬಿಡಬಹುದು. ಮೇಲೆ ಸ್ಟೀಲ್ ಜಾಲರಿ ಇಡಿ. ಬೇಲಿಗೆ ಹಾಕುವ, ಸತುವಿನ ಲೇಪ ಇರುವ ಜಾಲರಿ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಹಳೆಯ ಫ್ರಿಜ್ಜಿನ ತಟ್ಟೆಯೂ ಬೇಡ. ಆ ಲೇಪಗಳು ಕೆಂಡದ ಕಾವಿಗೆ ಮಾಡಿದವಲ್ಲ. ಕೆಂಡಕ್ಕೂ ಜಾಲರಿಗೂ ಹತ್ತರಿಂದ ಹದಿನೈದು ಸೆಂಟಿಮೀಟರ್ ಅಂತರ ಇರಲಿ.

ಗಾಳಿಯನ್ನೂ ಸ್ವಲ್ಪ ಗಮನಿಸಿ. ಕರಾವಳಿಯಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಗಾಳಿ ಸಮುದ್ರದಿಂದ ಒಳಗೆ ಬೀಸುತ್ತದೆ. ರಾತ್ರಿ ನೆಲದಿಂದ ಸಮುದ್ರದ ಕಡೆಗೆ ತಿರುಗುತ್ತದೆ. ಆರು ಗಂಟೆಗೆ ಪಕ್ಕದ ಮನೆಯವರಿಗೆ ಹೋಗುತ್ತಿದ್ದ ಹೊಗೆ ಒಂಬತ್ತಕ್ಕೆ ನಿಮ್ಮದೇ ಅಡುಗೆಮನೆಗೆ ನುಗ್ಗಬಹುದು. ಪಕ್ಕದವರು ಬಟ್ಟೆ ಒಣಹಾಕಿದ್ದಾರಾ ಅಂತ ಒಮ್ಮೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಇದ್ದಿಲು ಹೊತ್ತಿಸುವುದು

ನಾಲ್ಕಾರು ಜನಕ್ಕೆ ಒಂದೂವರೆಯಿಂದ ಎರಡು ಕೆಜಿ ಕಟ್ಟಿಗೆ ಇದ್ದಿಲು ಸಾಕು. ತೆಂಗಿನ ಕರಟ ಎಲ್ಲರ ಹಿತ್ತಲಲ್ಲೂ ಬಿದ್ದಿರುತ್ತದೆ. ಅದು ಧಗ್ಗನೆ ಹೊತ್ತಿಕೊಂಡು ಬೇಗ ಮುಗಿಯುತ್ತದೆ. ಹಾಗಾಗಿ ಬೆಂಕಿ ಹತ್ತಿಸಲು ಒಳ್ಳೆಯದು, ಬೇಯಿಸಲು ಸಾಲದು. ಕರಟದಿಂದಲೇ ಮಾಡಿದ ಇದ್ದಿಲು ಬೇರೆ ಮಾತು, ಅದು ಬಹಳ ಹೊತ್ತು ನಿಲ್ಲುತ್ತದೆ.

ಒಂದು ವಿಷಯ ಮಾತ್ರ ಕಟ್ಟುನಿಟ್ಟು. ಗೇರುಬೀಜದ ಸಿಪ್ಪೆಯನ್ನು ಒಲೆಗೆ ಹಾಕಬೇಡಿ. ಗೋವಾದಲ್ಲಿ ಅದು ಸುಲಭವಾಗಿ ಸಿಗುತ್ತದೆ, ಚೆನ್ನಾಗಿ ಉರಿಯುತ್ತದೆ ಕೂಡ. ಆದರೆ ಆ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮ ಸುಡುವಂಥದ್ದು. ಅದರ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಊಟದ ಮೇಲೆ ಅದು ಕೂರುವುದಂತೂ ಬೇಡವೇ ಬೇಡ. ಪ್ಲೈವುಡ್, ಪೇಂಟ್ ಹಚ್ಚಿದ ಮರದ ಚೂರುಗಳಿಗೂ ಇದೇ ಮಾತು.

ಸೀಮೆಎಣ್ಣೆ, ಪೆಟ್ರೋಲ್ ಹತ್ತಿರವೂ ತರಬೇಡಿ. ಮೊದಲನೆಯದರ ವಾಸನೆ ಊಟವನ್ನು ಬಿಡುವುದಿಲ್ಲ, ಎರಡನೆಯದು ನಿಮ್ಮ ಹುಬ್ಬನ್ನೇ ಬಿಡುವುದಿಲ್ಲ. ಒಂದು ಖಾಲಿ ಎಣ್ಣೆ ಡಬ್ಬಿ ತೆಗೆದುಕೊಳ್ಳಿ. ಎರಡೂ ತುದಿ ಕತ್ತರಿಸಿ, ಕೆಳಭಾಗದಲ್ಲಿ ಸುತ್ತಲೂ ಮೊಳೆಯಿಂದ ತೂತು ಹೊಡೆಯಿರಿ. ಒಲೆಯಲ್ಲಿ ನಿಲ್ಲಿಸಿ, ತಳಕ್ಕೆ ಉಂಡೆ ಮಾಡಿದ ಹಳೆ ಪೇಪರ್, ಅದರ ಮೇಲೆ ಕರಟದ ಚೂರು, ಮೇಲೆ ಇದ್ದಿಲು ತುಂಬಿ. ತೂತಿನಿಂದ ಪೇಪರಿಗೆ ಕಡ್ಡಿ ಗೀರಿ. ಬಿಸಿ ಗಾಳಿ ಮೇಲೇರುತ್ತ ಕೆಳಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಬೀಸಣಿಗೆಯ ಕೆಲಸವನ್ನು ಡಬ್ಬಿಯೇ ಮಾಡುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷದಲ್ಲಿ ಇದ್ದಿಲಿನ ಮೇಲೆ ಬೂದು ಪದರ ಬಂದು, ಸಂದಿಯಲ್ಲಿ ನಿಗಿನಿಗಿ ಕೆಂಪು ಕಾಣುತ್ತದೆ. ಆಗ ಇಕ್ಕಳದಲ್ಲಿ ಡಬ್ಬಿ ಎತ್ತಿ. ಹಳದಿ ಜ್ವಾಲೆ ಏಳುತ್ತಿರುವಾಗಲೇ ಚಿಕನ್ ಇಟ್ಟರೆ ಅದು ಬೇಯುವುದಿಲ್ಲ, ಮಸಿ ಹಿಡಿಯುತ್ತದೆ. ಹಸಿದ ಮಕ್ಕಳಿಗೆ ಅಷ್ಟು ಹೊತ್ತು ಸುಟ್ಟ ಹಪ್ಪಳ ಕೊಟ್ಟು ಕೂರಿಸಿ.

ಕೆಂಡವನ್ನು ಒಂದೇ ಕಡೆ ತಳ್ಳಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಕೆಂಡವನ್ನು ಒಲೆ ತುಂಬ ಸಮನಾಗಿ ಹರಡಬೇಡಿ. ಎಲ್ಲವನ್ನೂ ಅರ್ಧ ಭಾಗಕ್ಕೆ ತಳ್ಳಿ, ಉಳಿದರ್ಧ ಖಾಲಿ ಬಿಡಿ. ಈಗ ನಿಮ್ಮ ಹತ್ತಿರ ಎರಡು ಒಲೆ ಇದ್ದಂತಾಯಿತು. ಕೆಂಡದ ಮೇಲೆ ಜೋರು ಕಾವು, ಪಕ್ಕದಲ್ಲಿ ಸಣ್ಣ ಕಾವು. ಗ್ಯಾಸಿಗೆ ಕಿವಿ ಇದೆ, ತಿರುಗಿಸುತ್ತೀರಿ. ಕೆಂಡಕ್ಕೆ ಕಿವಿ ಇಲ್ಲ. ಉರಿ ಸಣ್ಣ ಮಾಡಲಾಗದು, ಊಟವನ್ನೇ ಸರಿಸಬೇಕು. ಸರಿಸುವುದಕ್ಕೆ ಜಾಗ ಬೇಕಲ್ವಾ?

ಕಾವು ಅಳೆಯಲು ಯಂತ್ರ ಬೇಡ. ಜಾಲರಿಯಿಂದ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ. ಎರಡು ಮೂರು ಸೆಕೆಂಡಿಗೇ ಕೈ ಹಿಂದೆ ಬಂದರೆ ಜೋರು ಕಾವು. ಐದಾರು ಸೆಕೆಂಡು ತಡೆದರೆ ಮಧ್ಯಮ. ಎಂಟು ಹತ್ತು ಸೆಕೆಂಡು ಹಿಡಿಯಲಾದರೆ ಸಣ್ಣದು. ಕಾವು ಇಳಿಯುತ್ತ ಬಂದರೆ ಡಬ್ಬಿಯಲ್ಲಿ ಇನ್ನಷ್ಟು ಇದ್ದಿಲು ಹೊತ್ತಿಸಿ ಹಾಕಿ. ಕಪ್ಪು ಇದ್ದಿಲನ್ನು ನೇರವಾಗಿ ಸುರಿಯಬೇಡಿ, ಹೊಗೆ ಜಾಸ್ತಿ.

ಖಾಲಿ ಜಾಲರಿ ಹತ್ತು ನಿಮಿಷ ಕೆಂಡದ ಮೇಲೆ ಕಾಯಲಿ. ಕಳೆದ ಸಲದ್ದು ಅಂಟಿದ್ದರೆ ಕೆರೆದು ತೆಗೆಯಿರಿ. ಆಮೇಲೆ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ, ದೋಸೆ ಹೆಂಚಿಗೆ ಸವರುವಂತೆಯೇ ಸವರಿ.

ಮೀನು: ಅವಸರ ಮಾಡಿದರೆ ಅಂಟುತ್ತದೆ

ಬಂಗುಡೆ ಕೆಂಡಕ್ಕೆ ಹೇಳಿ ಮಾಡಿಸಿದ ಮೀನು. ಕೊಬ್ಬಿದೆ, ಚರ್ಮ ಗಟ್ಟಿ. ಕರುಳು ತೆಗೆದು ತೊಳೆದ ಮೇಲೆ ಎರಡೂ ಬದಿಗೆ ಮೂರು ಓರೆ ಗೀರು ಹಾಕಿ, ಮೂಳೆ ತಾಗುವಷ್ಟು. ಒಳಗೆ ತುಂಬಲು ಇಲ್ಲಿನ ಕೆಂಪು ರೆಶಾದ್ ಮಸಾಲೆಯೇ ಸೊಗಸು: ಒಣಮೆಣಸು, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆ, ಎಲ್ಲವನ್ನೂ ತೆಂಗಿನ ಕಳ್ಳಿನ ವಿನೆಗರಿನಲ್ಲಿ ಗಟ್ಟಿಯಾಗಿ ರುಬ್ಬಿದ್ದು. ಗೋವಾದವರು ಕಾಶ್ಮೀರಿ ಮೆಣಸು ಹಾಕುತ್ತಾರೆ. ಊರಿಂದ ಬ್ಯಾಡಗಿ ತಂದಿಟ್ಟಿದ್ದರೆ ಧಾರಾಳವಾಗಿ ಅದನ್ನೇ ಹಾಕಿ, ಬಣ್ಣದಲ್ಲಿ ಅದು ಯಾರಿಗೂ ಕಡಿಮೆಯಲ್ಲ. ಮಸಾಲೆ ಹಚ್ಚಿ ಇಪ್ಪತ್ತು ಮೂವತ್ತು ನಿಮಿಷ ಸಾಕು. ಹುಳಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಮೀನು ಮೆತ್ತಗಾಗಿ ಹಿಟ್ಟಿನಂತಾಗುತ್ತದೆ.

ಇಡುವ ಮುನ್ನ ಹೊರಗಿನ ಚರ್ಮವನ್ನು ಬಟ್ಟೆಯಿಂದ ಒತ್ತಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಮಸಾಲೆ ಗೀರಿನೊಳಗೆ ಮತ್ತು ಹೊಟ್ಟೆಯೊಳಗೆ ಇರಲಿ, ಮೇಲೆ ಬಳಿದದ್ದು ಹೇಗೂ ಸುಟ್ಟುಹೋಗುತ್ತದೆ. ಒರೆಸುವುದು ಯಾಕೆ? ಮೇಲ್ಮೈ ಒದ್ದೆ ಇರುವವರೆಗೆ ಅಲ್ಲಿನ ಕಾವು ನೀರು ಕುದಿಯುವ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಸುಟ್ಟ ಪರಿಮಳ ಚೆನ್ನಾಗಿ ಬರಲು ಸುಮಾರು 140 ಡಿಗ್ರಿ ಬೇಕು. ಒದ್ದೆ ಮೀನು ಬೇಯುತ್ತದೆ, ಸುಡುವುದಿಲ್ಲ.

ಜೋರು ಕಾವಿನ ಮೇಲೆ ಇಟ್ಟು ನಾಲ್ಕೈದು ನಿಮಿಷ ಕೈಕಟ್ಟಿ ನಿಲ್ಲಿ. ಕಷ್ಟದ ಕೆಲಸ ಇದೇ. ಅಂಚಿನಲ್ಲಿ ಸಟ್ಟುಗ ತೂರಿಸಿ ಮೆಲ್ಲಗೆ ಎತ್ತಿ ನೋಡಿ. ಹಿಡಿದುಕೊಂಡಿದ್ದರೆ ಇನ್ನೊಂದು ನಿಮಿಷ ಬಿಡಿ. ಚರ್ಮ ಗರಿಯಾದ ಮೇಲೆ ಬಹುಮಟ್ಟಿಗೆ ತಾನೇ ಬಿಡುತ್ತದೆ. ಒಂದೇ ಸಲ ಮಗುಚಿ. ಬೆನ್ನಿನ ಮೂಳೆಯ ಹತ್ತಿರದ ಮಾಂಸ ಬಿಳಿಯಾಗಿ ಎಸಳು ಬಿಟ್ಟರೆ ಆಯಿತು. ಧೈರ್ಯ ಇಲ್ಲದವರು ಬಾಳೆಲೆಯಲ್ಲಿ ಸುತ್ತಿ ಇಡಬಹುದು. ಗರಿಯಾಗುವುದಿಲ್ಲ, ಆದರೆ ಅಂಟುವ ಮಾತೇ ಇಲ್ಲ. ಅಂಜಲ್ ತುಂಡಿಗೆ ಎರಡು ಸೆಂಟಿಮೀಟರ್ ದಪ್ಪ ಇದ್ದರೆ ಬದಿಗೆ ಮೂರು ನಾಲ್ಕು ನಿಮಿಷ, ದೊಡ್ಡ ಸಿಗಡಿಗೆ ಎರಡೇ ನಿಮಿಷ.

ಚಿಕನ್: ಮೊದಲು ತಂಪು ಬದಿ

ಬಹಳ ಜನ ಚಿಕನ್‌ನ್ನು ಮೊದಲು ಕೆಂಡದ ಮೇಲಿಟ್ಟು ಬಣ್ಣ ತರಿಸುತ್ತಾರೆ, ಆಮೇಲೆ ಒಳಗೆ ಬೇಯಲಿ ಅಂತ ಕಾಯುತ್ತಾರೆ. ಉಲ್ಟಾ ಮಾಡಿ. ಕಾಲು, ತೊಡೆಯ ತುಂಡುಗಳನ್ನು ಖಾಲಿ ಬದಿಯಲ್ಲಿಟ್ಟು ಮುಚ್ಚಿ. ಮುಚ್ಚಳ ಇಲ್ಲದಿದ್ದರೆ ದೊಡ್ಡ ಅಲ್ಯೂಮಿನಿಯಂ ಪಾತ್ರೆ ಬೋರಲು ಹಾಕಿ. ಅರ್ಧ ಗಂಟೆಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಬೆಂದಿರುತ್ತದೆ. ಕೊನೆಯ ನಾಲ್ಕೈದು ನಿಮಿಷ ಕೆಂಡದ ಮೇಲೆ ತಂದು ಹೊರಳಿಸುತ್ತ ಗರಿ ಮಾಡಿ. ಮೂಳೆ ಇಲ್ಲದ ಸಣ್ಣ ತುಂಡಿಗೆ ಇಷ್ಟೆಲ್ಲ ಬೇಡ, ನೇರ ಕೆಂಡದ ಮೇಲೆಯೇ ಆಗುತ್ತದೆ. ಬಿದಿರು ಕಡ್ಡಿಗೆ ಪೋಣಿಸುವುದಾದರೆ ಕಡ್ಡಿ ಅರ್ಧ ಗಂಟೆ ನೀರಲ್ಲಿ ನೆನೆದಿರಲಿ.

ಬೆಂದಿತಾ ಅಂತ ರಸದ ಬಣ್ಣ ನೋಡಿ ಹೇಳುವುದು ನಂಬುವಂಥದ್ದಲ್ಲ. ಅಡುಗೆ ಥರ್ಮಾಮೀಟರ್ ಒಂದನ್ನು ಕೊಂಡುಬಿಡಿ. ಬಾರ್ಬೆಕ್ಯೂಗೆ ಅಂತ ಮಾರುವ ಹತ್ತು ಸಾಮಾನಿನಲ್ಲಿ ನಿಜಕ್ಕೂ ಬೇಕಾದದ್ದು ಇದೇ. ಮೂಳೆಗೆ ತಾಗದಂತೆ ದಪ್ಪ ಭಾಗಕ್ಕೆ ಚುಚ್ಚಿ. ಚಿಕನ್‌ಗೆ 74 ಡಿಗ್ರಿ ಸೆಲ್ಸಿಯಸ್ ಆಗಲೇಬೇಕು. ತೊಡೆ 80 ದಾಟಿದರೆ ಇನ್ನೂ ಮೃದು.

ಉಪ್ಪು ಮಾಂಸದೊಳಗೆ ಇಳಿಯುತ್ತದೆ, ಮಸಾಲೆ ಬಹುಪಾಲು ಮೇಲೆಯೇ ಉಳಿಯುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ ಉಪ್ಪು, ಮೊಸರು ಹಚ್ಚಿ ಫ್ರಿಜ್ಜಿನಲ್ಲಿಡಿ. ಇಲ್ಲಿನ ಹಸಿರು ಕಫ್ರಿಯಾಲ್ ಮಸಾಲೆಯೂ ಕೆಂಡಕ್ಕೆ ಚೆನ್ನಾಗಿ ಹೊಂದುತ್ತದೆ. ಬೆಲ್ಲ, ಜೇನು, ಟೊಮೆಟೊ ಸಾಸ್ ಇರುವ ಏನನ್ನಾದರೂ ಕೊನೆಯ ಐದು ನಿಮಿಷದಲ್ಲಿ ಮಾತ್ರ ಹಚ್ಚಿ, ಸಕ್ಕರೆ ಬೇಗ ಕಪ್ಪಾಗುತ್ತದೆ. ಹಸಿ ಚಿಕನ್ ಇದ್ದ ತಟ್ಟೆಗೇ ಬೆಂದದ್ದನ್ನು ಹಾಕಬೇಡಿ. ಇಳಿಸಿದ ಮೇಲೆ ಐದು ನಿಮಿಷ ಮುಟ್ಟಬೇಡಿ, ರಸ ಒಳಗೇ ನಿಲ್ಲಲಿ.

ಕೊಬ್ಬು ತೊಟ್ಟಿಕ್ಕಿ ಭಗ್ಗೆಂದು ಉರಿ ಎದ್ದರೆ ನೀರು ಚಿಮುಕಿಸುವುದು ನಮ್ಮವರ ಅಭ್ಯಾಸ. ಬೂದಿ ಹಾರಿ ಚಿಕನ್ ಮೇಲೆಯೇ ಕೂರುತ್ತದೆ. ತುಂಡನ್ನು ಖಾಲಿ ಬದಿಗೆ ಎಳೆದು ಮುಚ್ಚಿಬಿಡಿ. ಗಾಳಿ ಸಿಗದೆ ಉರಿ ಇಳಿಯುತ್ತದೆ. ಮಾಪುಸಾದ ಶುಕ್ರವಾರದ ಸಂತೆಯಿಂದ ಚೊರಿಸ್ (ಹಂದಿಮಾಂಸದ ಗೋವಾ ಸಾಸೇಜ್) ಸರ ತಂದಿದ್ದರಂತೂ ಕೆಂಡದ ಮೇಲೆ ಇಡಲೇಬೇಡಿ. ಅದರ ಕೊಬ್ಬಿಗೆ ಬೆಂಕಿ ಅಂದರೆ ಬಲು ಪ್ರೀತಿ. ಖಾಲಿ ಬದಿಯಲ್ಲಿಟ್ಟು ಪೂರ್ತಿ ಬೇಯಿಸಿ.

ನೆಂಟರಲ್ಲಿ ಸಸ್ಯಾಹಾರಿಗಳಿದ್ದರೆ

ಧಾರವಾಡ, ಬೆಳಗಾವಿ ಕಡೆಯಿಂದ ಬಂದವರಲ್ಲಿ ಅರ್ಧ ಜನ ಮೀನು ಮುಟ್ಟದವರೇ ಇರಬಹುದು. ಅವರಿಗೆ ಜಾಲರಿಯೇ ಬೇರೆ ಇರಲಿ. ಆಗದಿದ್ದರೆ ತೊಳೆದ ಜಾಲರಿಯ ಮೇಲೆ ಅವರದ್ದೇ ಮೊದಲು ಮುಗಿಯಲಿ. ಸುಮ್ನೆ ಪನೀರ್ ತುಂಡು ಇಟ್ಟು ಕೈತೊಳೆದುಕೊಳ್ಳಬೇಡಿ. ದೊಡ್ಡ ಬದನೆಕಾಯಿಗೆ ನಾಲ್ಕು ಕಡೆ ಚುಚ್ಚಿ, ಇಡಿಯಾಗಿ ಕೆಂಡದ ಮೇಲೆ ಹೊರಳಿಸಿ. ಸಿಪ್ಪೆ ಪೂರ್ತಿ ಕರಿಯಾಗಿ ಕುಸಿದಾಗ ತೆಗೆದು, ಒಳಗಿನದನ್ನು ಕಿವುಚಿ, ಹಸಿ ಈರುಳ್ಳಿ, ಹಸಿಮೆಣಸು, ಮೊಸರು, ಉಪ್ಪು ಸೇರಿಸಿ. ಜೋಳದ ರೊಟ್ಟಿ ಕಟ್ಟಿಕೊಂಡು ಬಂದವರಿದ್ದರೆ ಬಂಗುಡೆಗಿಂತ ಮೊದಲು ಇದೇ ಖಾಲಿ. ಗೆಣಸನ್ನು ಬೂದಿ ಮುಚ್ಚಿದ ಕೆಂಡದ ಪಕ್ಕದಲ್ಲಿ ಹೂತಿಟ್ಟು ಮರೆಯಿರಿ, ಮುಕ್ಕಾಲು ಗಂಟೆಗೆ ನೋಡಿದರಾಯಿತು. ಮೆಕ್ಕೆಜೋಳಕ್ಕೆ ಹತ್ತು ಹನ್ನೆರಡು ನಿಮಿಷ.

ಮುಗಿದ ಮೇಲೆ

ಕೆಂಡ ಚೆನ್ನಾಗಿದೆ, ಚಳಿಗೆ ಹಾಯಾಗಿರುತ್ತದೆ ಅಂತ ಒಲೆಯನ್ನು ವರಾಂಡಕ್ಕೋ ಕೋಣೆಗೋ ತರಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯುತ್ತದೆ. ಮೇಲೆ ತಣ್ಣಗೆ ಕಾಣುವ ಬೂದಿಯ ಒಳಗೆ ಮರುದಿನದವರೆಗೂ ಕೆಂಡ ಇರಬಹುದು. ಪ್ಲಾಸ್ಟಿಕ್ ಕಸದ ಬುಟ್ಟಿಗೆ ಸುರಿಯದೆ, ಕಬ್ಬಿಣದ ಬಕೆಟ್ಟಿನಲ್ಲಿ ಮುಚ್ಚಿ, ಒಣ ಎಲೆಗಳಿಂದ ದೂರ ಇಡಿ. ಪೂರ್ತಿ ಆರಿದ ಮೇಲೆ ಬರೀ ಕಟ್ಟಿಗೆ ಇದ್ದಿಲಿನ ಬೂದಿಯಾದರೆ ತೆಂಗಿನ ಬುಡಕ್ಕೆ ಸ್ವಲ್ಪ ಸ್ವಲ್ಪವೇ ಹಾಕಬಹುದು. ಅಂಗಡಿಯ ಅಚ್ಚಿನ ಇದ್ದಿಲಿನದ್ದಾದರೆ ಬೇಡ, ಅದರಲ್ಲಿ ಅಂಟು, ಬೇರೆ ಪದಾರ್ಥ ಸೇರಿರುತ್ತವೆ.