ಹಾಸ್ಟೆಲ್ ಕೋಣೆಯಲ್ಲಿ ಸ್ವಂತ ರೂಟರ್: ಜೋಡಿಸುವ ಸರಿಯಾದ ಕ್ರಮ

ಮಣಿಪಾಲ, ನಿಟ್ಟೆ, ಸುರತ್ಕಲ್, ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ಇರುವವರಿಗೆ ಗೊತ್ತಿರುವ ತೊಂದರೆ ಇದು: ಕಾರಿಡಾರಿನಲ್ಲಿ ಚೆನ್ನಾಗಿ ಸಿಗುವ ವೈಫೈ, ಮುರಕಲ್ಲಿನ ದಪ್ಪ ಗೋಡೆ ದಾಟಿ ಮಂಚದ ತನಕ ಬರುವಷ್ಟರಲ್ಲಿ ಕ್ಷೀಣಿಸಿರುತ್ತದೆ. ಕೋಣೆಯ ಗೋಡೆಯಲ್ಲಿ ಲ್ಯಾನ್ ಸಾಕೆಟ್ (ತಂತಿಯ ಇಂಟರ್ನೆಟ್ಟಿನ ಕಿಂಡಿ) ಇದ್ದರೆ, ಅದಕ್ಕೊಂದು ಸಣ್ಣ ರೂಟರ್ ಸೇರಿಸಿ ಫೋನು, ಲ್ಯಾಪ್‌ಟಾಪ್ ಎರಡನ್ನೂ ನಡೆಸಬಹುದು. ಕೆಲಸ ಅರ್ಧ ಗಂಟೆಯದ್ದು. ಆದರೆ ಆ ಸಾಕೆಟ್ಟಿನ ಹಿಂದಿರುವುದು ನಿಮ್ಮೊಬ್ಬರ ಸಂಪರ್ಕವಲ್ಲ, ಇಡೀ ಕಟ್ಟಡದ ಜಾಲ. ಆದ್ದರಿಂದ ಜೋಡಿಸುವ ಕ್ರಮ ಇಲ್ಲಿ ಮುಖ್ಯವಾಗುತ್ತದೆ.

ಮೊದಲು ವಾರ್ಡನ್ ಅವರನ್ನೂ ಕಾಲೇಜಿನ ನೆಟ್‌ವರ್ಕ್ ವಿಭಾಗವನ್ನೂ ಕೇಳಿ ಅನುಮತಿ ಪಡೆಯಿರಿ. ಸ್ವಂತ ರೂಟರ್ ಕೂಡದು ಎಂಬ ನಿಯಮವಿದ್ದರೆ ಅದನ್ನು ಪಾಲಿಸಲೇಬೇಕು; ಆಗ ಕೇಬಲನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸೇರಿಸಿಕೊಳ್ಳುವುದು ಅಥವಾ ಕಾರಿಡಾರಿನಲ್ಲಿ ವೈಫೈ ಕೊಡುವ ಪೆಟ್ಟಿಗೆಯನ್ನು (ಆ್ಯಕ್ಸೆಸ್ ಪಾಯಿಂಟ್) ಹತ್ತಿರಕ್ಕೆ ತರಿಸುವಂತೆ ಕೋರುವುದು ಉಳಿಯುವ ದಾರಿ. ಅನುಮತಿ ಸಿಕ್ಕರೆ, ರೂಟರಿನ ಅಡಿಭಾಗದ ಚೀಟಿಯಲ್ಲಿರುವ ಮ್ಯಾಕ್ ವಿಳಾಸವನ್ನು (ಸಾಧನಕ್ಕೆ ತಯಾರಕರು ಕೊಟ್ಟ ಗುರುತಿನ ಸಂಖ್ಯೆ) ನೋಂದಾಯಿಸಬೇಕಾಗಬಹುದು. ಅಲ್ಲಿಂದ ಮುಂದೆ ಆ ರೂಟರಿನ ಮೂಲಕ ಯಾರು ಏನು ಮಾಡಿದರೂ ಕಾಲೇಜಿನ ದಾಖಲೆಯಲ್ಲಿ ಕಾಣುವುದು ನಿಮ್ಮ ಖಾತೆಯೇ. ಪಕ್ಕದ ಕೋಣೆಯವರಿಗೆ ಪಾಸ್‌ವರ್ಡ್ ಕೊಡುವ ಮೊದಲು ಇದನ್ನು ಯೋಚಿಸಿ.

ಕೊಳ್ಳುವಾಗ 2.4 ಮತ್ತು 5 ಗಿಗಾಹರ್ಟ್ಸ್ ವೈಫೈ ಆವರ್ತನ ಎರಡೂ ಇರುವ ಸಾದಾ ರೂಟರ್ ಸಾಕು. ಮನೆಯಲ್ಲಿ ಬಿದ್ದಿರುವ ಹಳೆಯ ಟೆಲಿಫೋನ್ ಮೋಡೆಮ್ ಅಥವಾ ಫೈಬರ್ ಪೆಟ್ಟಿಗೆ ಸಾಮಾನ್ಯವಾಗಿ ಈ ಕೆಲಸಕ್ಕೆ ಒದಗುವುದಿಲ್ಲ, ಏಕೆಂದರೆ ಅವುಗಳ ಒಳಬರುವ ದ್ವಾರವೇ ಬೇರೆ ಬಗೆಯದು.

ಗೋಡೆಗೆ ಜೋಡಿಸುವ ಮೊದಲೇ ರೂಟರಿಗೆ ವಿದ್ಯುತ್ ಕೊಟ್ಟು, ಫೋನಿನಿಂದ ಅದರ ವೈಫೈಗೆ ಸೇರಿ, ಬ್ರೌಸರಿನಲ್ಲಿ ಚೀಟಿಯಲ್ಲಿರುವ ವಿಳಾಸವನ್ನು (ಹೆಚ್ಚಾಗಿ 192.168.0.1 ಅಥವಾ 192.168.1.1) ತೆರೆಯಿರಿ. ಆಡಳಿತ ಪುಟದ ಪಾಸ್‌ವರ್ಡ್ ಬದಲಿಸಿ, ವೈಫೈಯ ಭದ್ರತಾ ವಿಧಾನವಾಗಿ ಡಬ್ಲ್ಯುಪಿಎ3, ಅದಿಲ್ಲದಿದ್ದರೆ ಡಬ್ಲ್ಯುಪಿಎ2 ಆರಿಸಿ ಉದ್ದನೆಯ ಪಾಸ್‌ವರ್ಡ್ ಕೊಡಿ, ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈಗೆ ಸೇರುವ ಸೌಲಭ್ಯ) ಆಫ್ ಮಾಡಿಬಿಡಿ. ಜಾಲದ ಹೆಸರಿನಲ್ಲಿ ನಿಮ್ಮ ಹೆಸರಾಗಲಿ ಕೋಣೆಯ ಸಂಖ್ಯೆಯಾಗಲಿ ಬೇಡ.

ಈಗ ಎಲ್ಲಕ್ಕಿಂತ ಎಚ್ಚರ ಬೇಕಾದ ಹಂತ. ರೂಟರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಬೇರೆ ಬಣ್ಣದ, ವ್ಯಾನ್ (WAN) ಅಥವಾ ಇಂಟರ್ನೆಟ್ ಎಂದು ಬರೆದ ಒಂದು ದ್ವಾರವಿರುತ್ತದೆ. ಉಳಿದವು ಲ್ಯಾನ್ ದ್ವಾರಗಳು. ಗೋಡೆಯ ಕೇಬಲ್ ಸೇರಬೇಕಾದದ್ದು ವ್ಯಾನ್ ದ್ವಾರಕ್ಕೆ ಮಾತ್ರ. ಜಾಲಕ್ಕೆ ಬರುವ ಪ್ರತಿ ಸಾಧನಕ್ಕೂ ಐಪಿ ವಿಳಾಸ (ಜಾಲದಲ್ಲಿ ಅದನ್ನು ತಲುಪಲು ಬೇಕಾದ ಸಂಖ್ಯೆ) ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎನ್ನುತ್ತಾರೆ. ಕಾಲೇಜಿನಲ್ಲಿ ಅದಕ್ಕೊಂದು ಸರ್ವರ್ ಇದೆ, ನಿಮ್ಮ ರೂಟರಿನೊಳಗೂ ಒಂದಿದೆ. ಕೇಬಲ್ ಲ್ಯಾನ್ ದ್ವಾರಕ್ಕೆ ಹೋದರೆ ನಿಮ್ಮ ರೂಟರ್ ಹೊರಗಿನ ಜಾಲಕ್ಕೂ ವಿಳಾಸ ಹಂಚತೊಡಗುತ್ತದೆ. ಒಂದೇ ಹಾಸ್ಟೆಲಿನಲ್ಲಿ ಇಬ್ಬರು ವಾರ್ಡನ್‌ಗಳು ತಮ್ಮ ತಮ್ಮ ಪಟ್ಟಿ ಹಿಡಿದು ಕೋಣೆ ಕೊಟ್ಟಂತೆ. ಮೊದಲು ಯಾರ ಉತ್ತರ ತಲುಪುತ್ತದೋ ಅದನ್ನೇ ಸಾಧನಗಳು ಒಪ್ಪಿಕೊಳ್ಳುವುದರಿಂದ, ತಡೆ ಹಾಕಿರದ ಜಾಲಗಳಲ್ಲಿ ಇಡೀ ಮಹಡಿಯ ಹಲವು ಲ್ಯಾಪ್‌ಟಾಪುಗಳಿಗೆ ಇಂಟರ್ನೆಟ್ ನಿಂತುಹೋಗುತ್ತದೆ, ಮತ್ತು ಕಾರಣ ಯಾವ ಕೋಣೆಯಲ್ಲಿದೆ ಎಂದು ತಿಳಿಯಲು ನೆಟ್‌ವರ್ಕ್ ಸಿಬ್ಬಂದಿ ಕೋಣೆಗಳ ಕೇಬಲ್‌ಗಳು ಬಂದು ಸೇರುವ ಪ್ರತಿ ನೆಟ್‌ವರ್ಕ್ ಸ್ವಿಚ್ಚನ್ನೂ ಹುಡುಕಬೇಕಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹೀಗಾದರೆ ಅದರ ಹೊರೆ ಎಷ್ಟು ಜನರ ಮೇಲೆ ಬೀಳುತ್ತದೆ ನೋಡಿ.

ಸರಿಯಾದ ದ್ವಾರಕ್ಕೆ ಸೇರಿಸಿದ ಮೇಲೂ ಪುಟ ತೆರೆಯದಿದ್ದರೆ ಎರಡು ಸಂಗತಿ ನೋಡಿ. ಕಾಲೇಜಿನ ಲಾಗಿನ್ ಪುಟವಿದ್ದರೆ ಯಾವುದಾದರೂ ಒಂದು ಸಾಧನದಿಂದ ಪ್ರವೇಶಿಸಬೇಕು; ಹೊರಗಿನವರಿಗೆ ನಿಮ್ಮ ಎಲ್ಲ ಸಾಧನಗಳೂ ಒಂದೇ ರೂಟರಾಗಿ ಕಾಣುವುದರಿಂದ ಸಾಮಾನ್ಯವಾಗಿ ಅಷ್ಟೇ ಸಾಕು. ಕಾಲೇಜಿನ ಜಾಲವೂ ರೂಟರೂ ಒಂದೇ ವಿಳಾಸ ಸರಣಿ ಬಳಸುತ್ತಿದ್ದರೆ ಘರ್ಷಣೆಯಾಗುತ್ತದೆ. ಆಗ ರೂಟರಿನ ವಿಳಾಸವನ್ನು 192.168.50.1 ಎಂಬಂತಹ ಬೇರೆ ಸರಣಿಗೆ ಬದಲಿಸಿ. ಸಂಪರ್ಕ ಬಂದ ಕೂಡಲೇ ರೂಟರಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ನವೀಕರಿಸಿ.

ಕೋಣೆಯೊಳಗಿನ ಬಳಕೆಗೆ 5 ಗಿಗಾಹರ್ಟ್ಸ್ ಒಳ್ಳೆಯದು. ಅದು ಗೋಡೆಗಳನ್ನು ಅಷ್ಟಾಗಿ ದಾಟದಿರುವುದು ಇಲ್ಲಿ ಅನುಕೂಲವೇ, ನೆರೆಕೋಣೆಗೆ ಅಡಚಣೆ ಕಡಿಮೆ. 2.4 ಗಿಗಾಹರ್ಟ್ಸ್ ಬಳಸಲೇಬೇಕಿದ್ದರೆ ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ನಿಲ್ಲಿಸಿ, ಪ್ರಸಾರ ಶಕ್ತಿಯನ್ನು ತಗ್ಗಿಸಿ. ಒಂದು ಕೋಣೆಗೆ ಪೂರ್ಣ ಶಕ್ತಿಯ ಅಗತ್ಯವಿಲ್ಲ.

ನಮ್ಮ ಕರಾವಳಿಯವರು ಗಮನಿಸಬೇಕಾದ ವಿಷಯ ಸಿಡಿಲು. ಏಪ್ರಿಲ್–ಮೇ ಹಾಗೂ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಸಂಜೆಯ ಗುಡುಗು ಜೋರಾಗಿರುತ್ತದೆ. ಸಿಡಿಲು ಕಟ್ಟಡಕ್ಕೇ ಬಡಿಯಬೇಕೆಂದಿಲ್ಲ. ಹತ್ತಿರದಲ್ಲಿ ಎಲ್ಲೋ ಬಿದ್ದರೂ ಉದ್ದದ ತಾಮ್ರದ ತಂತಿಗಳಲ್ಲಿ ವೋಲ್ಟೇಜ್ ಏರಿ ರೂಟರ್ ಸುಡಬಹುದು. ಅಡಾಪ್ಟರ್ ಮಾತ್ರ ತೆಗೆದರೆ ಸಾಲದು, ಏಕೆಂದರೆ ಅದೇ ಏರಿಕೆ ಲ್ಯಾನ್ ಕೇಬಲಿನ ಮೂಲಕವೂ ಒಳಬರುತ್ತದೆ. ಮೋಡ ಕಟ್ಟಿದಾಗಲೇ ಎರಡನ್ನೂ ಕಳಚಿಡಿ. ಗುಡುಗು ತಲೆಯ ಮೇಲೆ ಬಂದ ಮೇಲೆ ತಂತಿಗಳನ್ನು ಮುಟ್ಟಬೇಡಿ. ರಜೆಗೆ ಊರಿಗೆ ಹೋಗುವಾಗಲೂ ಹೀಗೆಯೇ ಮಾಡಿ. ಕೋಣೆ ಬಿಡುವ ದಿನ ರೂಟರನ್ನು ಫ್ಯಾಕ್ಟರಿ ಸ್ಥಿತಿಗೆ ಮರಳಿಸಿ, ನೆಟ್‌ವರ್ಕ್ ವಿಭಾಗದಲ್ಲಿ ನಿಮ್ಮ ಹೆಸರಿನ ಮ್ಯಾಕ್ ನೋಂದಣಿಯನ್ನು ರದ್ದು ಮಾಡಿಸಿಕೊಳ್ಳಿ.