ಹಿಂದಿನಿಂದ ನೂಕುವ ಎಂಜಿನ್‌ಗಳು: ಏಂಜೆಲ್ 44ರ ಮಾದರಿ ಕಟ್ಟಿದ ನನ್ನ ಅನುಭವ

ಏಂಜೆಲ್ 44 ಎಂಬ ಎರಡು ಎಂಜಿನ್‌ಗಳ ಸಣ್ಣ ವಿಮಾನದ ಚಿತ್ರ ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ, ಪ್ರೊಪೆಲ್ಲರ್‌ಗಳೇಕೆ ರೆಕ್ಕೆಯ ಹಿಂದಿವೆ ಎಂಬುದು. ಕಾರಣವನ್ನು ನಾನೂ ಓದಿ ತಿಳಿದಿದ್ದೆ. ಆದರೆ ರೇಡಿಯೊ ನಿಯಂತ್ರಣದ ಮಾದರಿಯೊಂದನ್ನು ಕೈಯಾರೆ ಕಟ್ಟಿ, ಕಲ್ಲುನೆಲದಿಂದ ಹಾರಿಸಿದ ಮೇಲಷ್ಟೇ ಅದು ಮನದಟ್ಟಾಯಿತು.

ಈ ವಿಮಾನ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಆರೆಂಜ್ ಸಿಟಿಯಲ್ಲಿ. ಅಲ್ಲಿನ ಕಾರ್ಲ್ ಮಾರ್ಟೆನ್‌ಸನ್ ಕಾಡುಮೇಡಿನಲ್ಲಿ ದುಡಿಯುವ ಮಿಷನರಿಗಳಿಗೆಂದೇ ಮೊದಲು ಇವ್ಯಾಂಜೆಲ್ 4500 ಎಂಬ ವಿಮಾನವನ್ನು ರೂಪಿಸಿದರು. 1964ರಲ್ಲಿ ಹಾರಿದ ಅದರ ಎರಡೂ ಪ್ರೊಪೆಲ್ಲರ್‌ಗಳು ಬಹುತೇಕ ವಿಮಾನಗಳಂತೆ ರೆಕ್ಕೆಯ ಮುಂದೆಯೇ ಇದ್ದವು. ದಟ್ಟ ಕಾಡಿನ ಮೇಲೆ ಇರುವ ಒಂದೇ ಎಂಜಿನ್ ನಿಂತರೆ ಇಳಿಯಲು ಜಾಗವಿಲ್ಲ; ಹಾಗಾಗಿ ಎರಡು ಎಂಜಿನ್ ಬೇಕು. ಆದರೆ ಮಣ್ಣಿನ ರನ್‌ವೇಯಲ್ಲಿ ಮುಂದಿನ ಪ್ರೊಪೆಲ್ಲರ್‌ಗಳು ಜಲ್ಲಿಯನ್ನು ಎಳೆದುಕೊಳ್ಳುತ್ತವೆ. 1984ರಲ್ಲಿ ಮೊದಲು ಹಾರಿ 1992ರಲ್ಲಿ ಹಾರಾಟದ ಪ್ರಮಾಣಪತ್ರ ಪಡೆದ ಏಂಜೆಲ್ 44ರಲ್ಲಿ ಅವರು 300 ಅಶ್ವಶಕ್ತಿಯ ಲೈಕಮಿಂಗ್ ಕಂಪನಿಯ ಎರಡು ಎಂಜಿನ್‌ಗಳನ್ನು ರೆಕ್ಕೆಯ ಮೇಲೆ ಹಿಮ್ಮುಖವಾಗಿ ಕೂರಿಸಿದರು. ಎಂಟು ಆಸನಗಳ ಈ ವಿಮಾನ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಆದರೂ ಇಷ್ಟು ಪ್ರಾಮಾಣಿಕವಾಗಿ ಒಂದೇ ಕೆಲಸಕ್ಕೆಂದು ರೂಪಿಸಿದ ವಿಮಾನಗಳು ವಿರಳವೆಂದು ನಾನು ನಂಬುತ್ತೇನೆ.

ಮೂಲ ವಿಮಾನದ ರೆಕ್ಕೆಯ ಹರವು ಸುಮಾರು 12 ಮೀಟರ್. ಎಂಟರಲ್ಲಿ ಒಂದರ ಅಳತೆಗೆ ಇಳಿಸಿ ಒಂದೂವರೆ ಮೀಟರಿನ ಮಾದರಿ ಮಾಡಿದೆ. ಒಡಲು ಡೆಪ್ರಾನ್ ಎಂಬ ಹಗುರ ಫೋಮ್ ಹಾಳೆಯದು, ರೆಕ್ಕೆಯ ಪಕ್ಕೆಗಳು ಬಾಲ್ಸಾ ಎಂಬ ಹಗುರ ಮರದವು, ಬೆನ್ನೆಲುಬಿಗೆ ಕಾರ್ಬನ್ ಕೊಳವೆ. ಇದರಲ್ಲಿ ವಿಶೇಷವೇನಿಲ್ಲ; ಹವ್ಯಾಸಿಗಳೆಲ್ಲ ಬಲ್ಲದ್ದೇ.

ಹೆಚ್ಚು ತಲೆ ಕೆಡಿಸಿಕೊಂಡದ್ದು ಮೋಟರ್ ಕೂರಿಸುವ ಕೋನಕ್ಕೆ. ಮೋಟರ್‌ಗಳು ಗುರುತ್ವಕೇಂದ್ರಕ್ಕಿಂತ (ಮಾದರಿಯ ಭಾರ ಸಮತೂಗುವ ಬಿಂದು) ಮೇಲೂ ಹಿಂದೂ ಇರುವುದರಿಂದ ಥ್ರಾಟಲ್, ಅಂದರೆ ಮೋಟರಿನ ವೇಗ, ಏರಿಸಿದೊಡನೆ ಮೂಗು ಕೆಳಗೆ ಬಾಗುತ್ತದೆ. ನೂಕುವ ರೇಖೆ ಗುರುತ್ವಕೇಂದ್ರದ ಸಮೀಪ ಹಾದುಹೋಗಬೇಕಾದರೆ ಪ್ರೊಪೆಲ್ಲರ್ ಇರುವ ತುದಿ ತುಸು ಮೇಲಿರಬೇಕು. ತೆಳು ಪ್ಲೈವುಡ್ ಚೂರುಗಳನ್ನು ಒಂದೊಂದಾಗಿ ಸೇರಿಸುತ್ತ, ಥ್ರಾಟಲ್ ಆಡಿಸಿದರೂ ಮೂಗು ಅಲುಗದ ಹದಕ್ಕೆ ತಂದೆ. ಬ್ಯಾಟರಿಯನ್ನು ಮೂಗಿನ ತುದಿಯಲ್ಲೇ ಇಟ್ಟೆ. ಇಲ್ಲವಾದರೆ ಮಾದರಿ ಬಾಲದ ಕಡೆ ಭಾರವಾಗುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ ತಿರುಗುವ ಜೋಡಿ ಪ್ರೊಪೆಲ್ಲರ್ ಹಾಕಿದೆ. ಹಿಂದೆ ಕೂರಿಸಿದರೂ ಪ್ರೊಪೆಲ್ಲರಿನ ಅಕ್ಷರ ಮುದ್ರಿಸಿದ ಮುಖ ವಿಮಾನ ಸಾಗುವ ದಿಕ್ಕಿಗೇ ಇರಬೇಕೆಂಬುದನ್ನು ಹೊಸಬರು ನೆನಪಿಡಬೇಕು. ಮೋಟರಿನ ಮೇಲೆ ನೇರವಾಗಿ ಗಾಳಿ ಬೀಸುವ ಪ್ರೊಪೆಲ್ಲರ್ ಮುಂದಿಲ್ಲವಾದ್ದರಿಂದ ಮೋಟರ್ ಗೂಡಿನ ಮುಂಬದಿಯಲ್ಲಿ ಅಗಲವಾದ ಗಾಳಿಕಿಂಡಿಯನ್ನೂ ಕೊರೆದೆ.

ಹಾರಿಸಿದ್ದು ತುಮಕೂರಿನ ಆಚೆ, ರಾಗಿ ಕೊಯ್ದ ಹೊಲದ ಪಕ್ಕದ ಜಲ್ಲಿದಾರಿಯಲ್ಲಿ. ಡ್ರೋನ್ ಹಾರಾಟಕ್ಕೆಂದು ಸರಕಾರ ಮಾಡಿದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಅದು ಹಾರಿಸಬಹುದಾದ ಹಸಿರು ವಲಯವೆಂದು ಖಚಿತಪಡಿಸಿಕೊಂಡೇ ಹೋಗಿದ್ದೆ. ನನ್ನ ಬಳಿಯಿದ್ದ ಮುಂದೆ ಪ್ರೊಪೆಲ್ಲರ್‌ಗಳಿರುವ ಇನ್ನೊಂದು ಮಾದರಿಯನ್ನೂ ಅದೇ ದಾರಿಯಲ್ಲಿ ಓಡಿಸಿದೆ. ಅದರ ಪ್ರೊಪೆಲ್ಲರ್ ಅಂಚಿನ ಮೇಲೆ ಬೆರಳಾಡಿಸಿದರೆ ಗರಗಸದ ಹಲ್ಲಿನಂತೆ ತರಿತರಿ. ಏಂಜೆಲ್‌ನ ಪ್ರೊಪೆಲ್ಲರ್‌ಗಳು ನುಣುಪಾಗಿಯೇ ಇದ್ದವು. ಮಾದರಿಯನ್ನು ಮಗುಚಿ ನೋಡಿದರೆ ಚಕ್ರಗಳ ಹಿಂದೆ, ರೆಕ್ಕೆಯ ಅಡಿಯ ಹೊದಿಕೆಯಲ್ಲಿ ಸಣ್ಣ ಸಣ್ಣ ಗುಳಿಗಳು. ಒಂದೆಡೆ ಜಲ್ಲಿಯ ಚೂರೊಂದು ಚುಚ್ಚಿಕೊಂಡೇ ಇತ್ತು. ಚಕ್ರ ಸಿಡಿಸಿದ ಕಲ್ಲುಗಳನ್ನೆಲ್ಲ ರೆಕ್ಕೆಯೇ ತಡೆದಿತ್ತು. ಎಂಜಿನ್‌ಗಳನ್ನು ಹಿಂದಕ್ಕೆ ತಿರುಗಿಸಿದರಷ್ಟೇ ಸಾಲದು, ರೆಕ್ಕೆಯ ಮೇಲೆಯೇ ಇಡಬೇಕು. ಮಾರ್ಟೆನ್‌ಸನ್ ಅವರ ಜಾಣ್ಮೆ ಇರುವುದು ಇಲ್ಲಿ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಮುಂದಿನ ಪ್ರೊಪೆಲ್ಲರ್ ರೆಕ್ಕೆಯ ಮೇಲೆ ಗಾಳಿ ಬೀಸಿ ಎತ್ತುವ ಬಲವನ್ನು ಹೆಚ್ಚಿಸುತ್ತದೆ. ಹಿಂದಿನದು ಹಾಗೆ ಬೀಸದು. ನನ್ನ ಮಾದರಿಯೂ ನೆಲ ಬಿಡಲು ಹೆಚ್ಚು ದೂರ ಓಡುತ್ತದೆ. ರೆಕ್ಕೆಯ ಹಿಂದಿನ ಅಂಚಿನ ಫ್ಲ್ಯಾಪ್ ಎಂಬ ಪಟ್ಟಿಗಳನ್ನು ಇಳಿಸಿದರೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ರೆಕ್ಕೆಯ ಹಿಂದಿನ ಕಲಕಿದ ಗಾಳಿಯನ್ನು ಕಡಿಯುವುದರಿಂದ ಸದ್ದೂ ಒರಟು.

ಒಂದು ಮೋಟರನ್ನು ಗಾಳಿಯಲ್ಲೇ ಆರಿಸಲು ರಿಮೋಟಿನಲ್ಲಿ ಪ್ರತ್ಯೇಕ ಸ್ವಿಚ್ ಇಟ್ಟಿದ್ದೇನೆ. ಸಾಕಷ್ಟು ಎತ್ತರಕ್ಕೇರಿ ಎಡ ಮೋಟರ್ ನಿಲ್ಲಿಸಿದಾಗ ಮೂಗು ಎಡಕ್ಕೆ ಸರಿಯುತ್ತದೆ. ಬಾಲದಲ್ಲಿರುವ, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರನ್ನು ಬಲಕ್ಕೆ ಕೊಟ್ಟು, ವೇಗ ಬೀಳದಂತೆ ಮೂಗು ತಗ್ಗಿಸಿ, ಓಡುತ್ತಿರುವ ಮೋಟರಿನ ಕಡೆಗೇ ವಿಶಾಲವಾಗಿ ತಿರುಗಿಸಿಕೊಂಡು ಬಂದು ಇಳಿಸುತ್ತೇನೆ. ಇದನ್ನು ಕಟ್ಟುವವರು ರಡ್ಡರನ್ನು ಧಾರಾಳವಾಗಿ ಅಲುಗುವಂತೆ ಮಾಡಿಕೊಳ್ಳಲಿ, ಮೂಗಿನ ಚಕ್ರದ ಕಾಲಿಗೆ ದಪ್ಪ ತಂತಿಯನ್ನೇ ಬಳಸಲಿ.