4 ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಸೆಡಾನ್: ಡಿಸೈರೋ, ಅಮೇಜೋ, ಎಕ್ಸೆಂಟೋ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಯಾರನ್ನಾದರೂ ಕೇಳಿ ನೋಡಿ, ಹಳೆ ಗಾಡಿಗಳಲ್ಲಿ ಡಿಕ್ಕಿ ಇರುವ ಸಣ್ಣ ಕಾರು ಯಾವುದು ತಗೊಳ್ಳಲಿ ಅಂತ. "ಡಿಸೈರ್ ತಗೊಳ್ರಿ, ಕಣ್ಣು ಮುಚ್ಚಿ ತಗೊಳ್ರಿ" ಅಂತಾರೆ. ಡಿಸೈರ್ ಒಳ್ಳೆ ಗಾಡಿನೇ. ಕಣ್ಣು ಮಾತ್ರ ಮುಚ್ಚಬೇಡಿ. ನಮ್ಮ ಕಡೆ ಯಾವ ಮಾಡೆಲ್ ಅಂತ ಕೇಳುವ ಮೊದಲು ಕೇಳಬೇಕಾದ್ದು ಬೇರೆ ಇದೆ: ಈ ಗಾಡಿ ಇಷ್ಟು ವರ್ಷ ಎಲ್ಲಿ ಓಡಿದೆ, ಯಾರ ಕೆಲಸಕ್ಕೆ ಓಡಿದೆ?

ಯಾಕೆ ಹೇಳ್ತೀನಿ ಅಂದ್ರೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿ, ಗಿಣಿಗೇರಾ ಸುತ್ತಲಿನ ಫ್ಯಾಕ್ಟರಿಗಳು, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿ, ಹೀಗೆ ಎಲ್ಲಿ ನೋಡಿದರೂ ತಿಂಗಳ ಬಾಡಿಗೆಗೆ ಓಡುವ ಕಾರುಗಳು ಸಿಗುತ್ತವೆ. ಹಗಲು ಒಬ್ಬ ಡ್ರೈವರ್, ರಾತ್ರಿ ಇನ್ನೊಬ್ಬ. ಇಂಜಿನ್ ತಣ್ಣಗಾಗುವುದಕ್ಕೂ ಪುರುಸೊತ್ತಿಲ್ಲ. ಮೂರ್ನಾಲ್ಕು ವರ್ಷದಲ್ಲಿ 2 ಲಕ್ಷ ಕಿಲೋಮೀಟರ್ ದಾಟಿಸಿ, ಮೀಟರ್ ತಿರುಗಿಸಿ, ಪಾಲಿಶ್ ಹೊಡೆದು, "ಡಾಕ್ಟ್ರು ಓಡಿಸಿದ ಗಾಡಿ, ಸಿಂಗಲ್ ಓನರ್ ರೀ" ಅಂತ ಮಾರುವವರಿದ್ದಾರೆ. ಎಲ್ಲರೂ ಹಾಗೆ ಅಂತಲ್ಲ. ಆದರೆ ಇಲ್ಲಿ ಆ ಡಾಕ್ಟ್ರು ಬಹಳ ಜನ ಇದ್ದಾರೆ.

ಪತ್ತೆ ಹಚ್ಚುವುದು ಕಷ್ಟವೇನಲ್ಲ. ಡ್ರೈವರ್ ಸೀಟಿನ ಬೆಲ್ಟನ್ನು ಪೂರ್ತಿ, ಕೊನೆಯವರೆಗೂ ಎಳೆಯಿರಿ. ಯಾರೂ ಮುಟ್ಟದ ಒಳಗಿನ ಒಂದು ಮೊಳ ಬೆಲ್ಟಿನ ಮೇಲೆ ಬಿಳಿ ಕರ್ಚೀಫಿನಿಂದ ಒರೆಸಿ. ಕರ್ಚೀಫು ಇಟ್ಟಿಗೆ ಬಣ್ಣಕ್ಕೆ ತಿರುಗಿತು ಅಂದ್ರೆ ಆ ಗಾಡಿ ಅದಿರಿನ ಧೂಳಿನಲ್ಲಿ ಬೆಳೆದದ್ದು. ಹೊರಗಡೆ ಎಷ್ಟು ತೊಳೆದರೂ ಅಲ್ಲಿ ಮಾತ್ರ ಯಾರೂ ತೊಳೆಯುವುದಿಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಎತ್ತಿ ನೋಡಿ, ಸೀಟಿನ ಕೆಳಗಿನ ರೈಲು, ಸ್ಟೆಪ್ನಿ ಇಡುವ ಗುಂಡಿ ನೋಡಿ, ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ಧೂಳು ಇದ್ದ ಮಾತ್ರಕ್ಕೆ ಗಾಡಿ ಕೆಟ್ಟದ್ದು ಅಂತಲ್ಲ, ಹೊಸಪೇಟೆ ರಸ್ತೆಯಲ್ಲಿ ದಿನಾ ಓಡಾಡಿದರೂ ಧೂಳು ಕೂರುತ್ತದೆ. ಆದರೆ ಮೀಟರ್ 45 ಸಾವಿರ ತೋರಿಸ್ತಾ ಇದ್ದು, ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿ, ಸ್ಟೀರಿಂಗ್ ಹೊಳೆದು, ಬೆಲ್ಟೂ ಕೆಂಪಾಗಿದ್ದರೆ ಆ ಮೀಟರ್ ನಂಬಬೇಡಿ.

ಭತ್ತದ ಸೀಮೆಯ ಗಾಡಿಯಾದರೆ, ಅಂದ್ರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯದು, ಧೂಳಿಗಿಂತ ಇಲಿ ಕಾಟ ನೋಡಬೇಕು. ರೈಸ್ ಮಿಲ್ ಪಕ್ಕ ನಿಂತ ಕಾರಿನ ವೈರಿಂಗ್ ಇಲಿಗೆ ಊಟ. ಬಾನೆಟ್ ಎತ್ತಿ, ಎಲ್ಲೆಲ್ಲಿ ಕಪ್ಪು ಟೇಪ್ ಸುತ್ತಿದ್ದಾರೆ, ಬಾನೆಟ್ ಒಳಗಿನ ಹಾಸು ಎಲ್ಲಿ ಹರಿದಿದೆ ನೋಡಿ.

ದಾಖಲೆಯಲ್ಲೂ ಹಿಡಿಯಬಹುದು. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಷ್ಟನೇ ಓನರ್, ಸಾಲ ಇದೆಯಾ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಮೋಟಾರ್ ಕಾರೋ ಮೋಟಾರ್ ಕ್ಯಾಬೋ ಅಂತ ಬರುತ್ತದೆ. ಹಳದಿ ಬೋರ್ಡನ್ನು ಬಿಳಿ ಬೋರ್ಡಿಗೆ ಬದಲಿಸಿದ ಅನುಮಾನ ಬಂದರೆ ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್, ಅಂದ್ರೆ ಗಾಡಿಯ ನೋಂದಣಿ ದಾಖಲೆಯ ಪ್ರತಿ, ತೆಗೆಸಿ. ಇನ್ನೊಂದು ಸುಲಭದ ಗುರುತು ಇದೆ. 2017ರಲ್ಲಿ ಹೊಸ ಆಕಾರದ ಡಿಸೈರ್ ಬಂದ ಮೇಲೂ ಹಳೆ ಆಕಾರದ್ದನ್ನು ಮಾರುತಿ ಟೂರ್ ಎಸ್ ಹೆಸರಲ್ಲಿ ಟ್ಯಾಕ್ಸಿಗೆ ಅಂತ ಮಾರುತ್ತಿತ್ತು. ಆರ್‌ಸಿಯಲ್ಲಿ 2019 ಅಂತಿದ್ದು ಗಾಡಿ ಹಳೆ ಆಕಾರದ್ದಾಗಿದ್ದರೆ ಅದು ಯಾವುದು ಅಂತ ಗೊತ್ತಾಯ್ತಲ್ಲ. ಎಕ್ಸೆಂಟ್‌ನಲ್ಲೂ ಪ್ರೈಮ್ ಅನ್ನುವ ಟ್ಯಾಕ್ಸಿ ಮಾಡೆಲ್ ಇತ್ತು.

ಇನ್ನು ಪೆಟ್ರೋಲೋ ಡೀಸೆಲ್ಲೋ. ನಮ್ಮ ಕಡೆ ಡೀಸೆಲ್ ಮೋಹ ಇನ್ನೂ ಹೋಗಿಲ್ಲ. ಸುಮ್ನೆ ಲೆಕ್ಕ ಹಾಕಿ ನೋಡಿ. ಪೆಟ್ರೋಲ್ 100, ಡೀಸೆಲ್ 90 ರೂಪಾಯಿ ಅಂತಿಟ್ಟುಕೊಳ್ಳೋಣ. ಎಸಿ ಹಾಕಿಕೊಂಡು ಲೀಟರಿಗೆ ಪೆಟ್ರೋಲ್ ಗಾಡಿ 16, ಡೀಸೆಲ್ ಗಾಡಿ 20 ಕಿಲೋಮೀಟರ್ ಕೊಟ್ಟಿತು ಅನ್ನೋಣ. ತಿಂಗಳಿಗೆ 1000 ಕಿಲೋಮೀಟರ್ ಓಡಿಸಿದರೆ ಪೆಟ್ರೋಲಿಗೆ 6250, ಡೀಸೆಲ್ಲಿಗೆ 4500. ಉಳಿದದ್ದು 1750 ರೂಪಾಯಿ. ತಿಂಗಳಿಗೆ 500 ಕಿಲೋಮೀಟರ್ ಅಷ್ಟೇ ಓಡಿಸುವವರಿಗೆ ಅದರ ಅರ್ಧ, ವರ್ಷಕ್ಕೆ ಹತ್ತು ಸಾವಿರ ಚಿಲ್ಲರೆ. ಹಳೆ ಡೀಸೆಲ್ ಗಾಡಿಯ ಇಂಜೆಕ್ಟರೋ ಟರ್ಬೋ ಒಂದು ಸಲ ಕೈ ಕೊಟ್ಟರೆ ಎರಡು-ಮೂರು ವರ್ಷದ ಉಳಿತಾಯ ಒಂದೇ ಬಿಲ್ಲಿಗೆ ಹೋಗುತ್ತದೆ. ಅದೂ ಅಲ್ಲದೆ 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ನಿಲ್ಲಿಸಿತು. ಹಾಗಾಗಿ ಯಾವ ಡೀಸೆಲ್ ಡಿಸೈರ್ ಸಿಕ್ಕರೂ ಅದು ವಯಸ್ಸಾದದ್ದೇ. ದಿನಾ ರಾಯಚೂರಿಂದ ಲಿಂಗಸುಗೂರಿಗೆ ಓಡಾಡುವವರಿಗೆ ಡೀಸೆಲ್ ಸರಿ. ಕೊಪ್ಪಳದ ಸ್ಕೂಲು, ಸಂತೆ, ತಿಂಗಳಿಗೊಮ್ಮೆ ಹುಲಿಗೆಮ್ಮನ ಗುಡಿ, ಇಷ್ಟಕ್ಕೆ ಪೆಟ್ರೋಲ್ ಸಾಕು.

ಹತ್ತು ವರ್ಷ ಆದ ಡೀಸೆಲ್ ಗಾಡಿ ಓಡಿಸೋ ಹಾಗಿಲ್ಲ ಅಂತ ಹೆದರಿಸುವವರಿದ್ದಾರೆ. ಅದು ದೆಹಲಿ ಸುತ್ತಮುತ್ತಲಿನ ನಿಯಮ. ಇಲ್ಲಿ 15 ವರ್ಷಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿ ನವೀಕರಿಸಬೇಕು. ಪೆಟ್ರೋಲ್ ತಗೊಳ್ಳುವವರಿಗೂ ಒಂದು ಮಾತು: ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. 2023ಕ್ಕಿಂತ ಹಿಂದಿನ ಬಹುಪಾಲು ಗಾಡಿಗಳು ಇದಕ್ಕಂತ ಮಾಡಿದವಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಫ್ಯೂಯಲ್ ಪೈಪ್, ರಬ್ಬರ್ ಸೀಲ್‌ಗಳನ್ನು ಆಗಾಗ ನೋಡಿಸಬೇಕು.

ಈಗ ಮಾಡೆಲ್‌ಗೆ ಬರೋಣ. ನನ್ನ ಕೇಳಿದರೆ ನಮ್ಮ ಬಿಸಿಲಿಗೆ ಮೊದಲ ಪ್ರಶ್ನೆ, ಹಿಂದಿನ ಸೀಟಿಗೆ ಎಸಿ ಗಾಳಿ ಬರುತ್ತದಾ? ಮೇ ತಿಂಗಳ ರಾಯಚೂರಿನಲ್ಲಿ, 42-43 ಡಿಗ್ರಿಯಲ್ಲಿ, ಅವ್ವನನ್ನೋ ಮಕ್ಕಳನ್ನೋ ಹಿಂದೆ ಕೂರಿಸಿಕೊಂಡು ಹೋಗುವವರಿಗೆ ಇದು ಅಲಂಕಾರದ ಮಾತಲ್ಲ. ಎಕ್ಸೆಂಟ್‌ನಲ್ಲಿ ಹಿಂದೆ ಎಸಿ ವೆಂಟ್ ಇದೆ. 2017ರ ನಂತರದ ಡಿಸೈರ್‌ನಲ್ಲೂ ಇದೆ. ಎರಡರಲ್ಲೂ ಬೇಸ್ ಮಾಡೆಲ್ ಆದರೆ ಕೂತು ನೋಡಿಯೇ ಖಾತ್ರಿ ಮಾಡಿಕೊಳ್ಳಿ. ಅಮೇಜ್ ಮೊದಲ ಎರಡು ತಲೆಮಾರಿನಲ್ಲಿ ಇಲ್ಲ, ಫೋರ್ಡ್ ಆಸ್ಪೈರ್‌ನಲ್ಲೂ ಇಲ್ಲ.

ಹ್ಯುಂಡೈ ಎಕ್ಸೆಂಟ್ 2014ರಲ್ಲಿ ಬಂತು. 1.2 ಪೆಟ್ರೋಲ್ ಇಂಜಿನ್ ನಯವಾಗಿದೆ, ಡಿಕ್ಕಿ 407 ಲೀಟರ್, ಎಸಿ ಗಟ್ಟಿ. ಮೊದಲ ವರ್ಷಗಳ 1.1 ಡೀಸೆಲ್ ಮಾತ್ರ ಪಿಕಪ್‌ನಲ್ಲಿ ಮಂದ. ನಾಲ್ಕು ಜನ, ಸಾಮಾನು, ಎಸಿ ಎಲ್ಲಾ ಇಟ್ಟುಕೊಂಡು ಲಾರಿ ಓವರ್‌ಟೇಕ್ ಮಾಡಲು ಹೋದರೆ ಎದೆ ಢವಢವ. ಹಳೆ ಎಕ್ಸೆಂಟ್‌ಗಳಲ್ಲಿ ಕೆಳಗಿನ ಮಾಡೆಲ್‌ಗೆ ಏರ್‌ಬ್ಯಾಗ್ ಇರಲಿಲ್ಲ, ಅದನ್ನು ನೋಡಿಯೇ ಮಾತಾಡಿ.

ಡಿಸೈರ್ 2012-17ರದ್ದು ನಮ್ಮ ಬಜೆಟ್‌ಗೆ ಸಲೀಸಾಗಿ ಸಿಗುತ್ತದೆ, ಆದರೆ ಡಿಕ್ಕಿ 316 ಲೀಟರ್ ಅಷ್ಟೇ. ಮದುವೆಗೆ ಹೊರಟ ಮನೆಮಂದಿಯ ಸಾಮಾನು ಹಿಡಿಯುವುದಿಲ್ಲ. 2017ರ ನಂತರದ್ದರಲ್ಲಿ 378 ಲೀಟರ್, ಎಲ್ಲ ಮಾಡೆಲ್‌ಗೂ ಎರಡು ಏರ್‌ಬ್ಯಾಗ್, ಎಬಿಎಸ್. ಅದರ ರೇಟ್ ಕೇಳಿದರೆ ಮಾತ್ರ ಬೆವರು ಬರುತ್ತದೆ. ಡಿಸೈರ್‌ನ ನಿಜವಾದ ಬಲ ಅದರ ಇಂಜಿನ್ ಅಲ್ಲ, ಮಸ್ಕಿಯಲ್ಲಿ ಕೆಟ್ಟು ನಿಂತರೂ ಅದನ್ನು ಬಿಚ್ಚಿ ಜೋಡಿಸುವ ಮೇಸ್ತ್ರಿ ಮಸ್ಕಿಯಲ್ಲೇ ಸಿಗುತ್ತಾನೆ, ಪಾರ್ಟ್ಸೂ ಸಿಗುತ್ತದೆ. ಮಾರುವಾಗಲೂ ಒಂದು ವಾರದಲ್ಲಿ ಕೈ ಬಿಡುತ್ತದೆ. ಆ ನೆಮ್ಮದಿಗೆ ನೀವು ಜಾಸ್ತಿ ದುಡ್ಡು ಕೊಡುತ್ತೀರಿ ಅಷ್ಟೇ. ಡೀಸೆಲ್ ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣ ಕಿವಿಗೊಟ್ಟು ಕೇಳಿ. ಸರಪಳಿ ಅಲ್ಲಾಡಿಸಿದ ಹಾಗೆ ಕರಕರ ಸದ್ದು ಬಂದರೆ ಟೈಮಿಂಗ್ ಚೈನ್ ಸಡಿಲಾಗಿದೆ, ಆಯಿಲ್ ಸರಿಯಾಗಿ ಬದಲಿಸಿಲ್ಲ ಅಂತ ಅರ್ಥ.

ಹೋಂಡಾ ಅಮೇಜ್ 2013ರಿಂದ ಇದೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಒಳ್ಳೆ ಜಾಗ, ಡಿಕ್ಕಿ 400 ಲೀಟರ್. ಪೆಟ್ರೋಲ್ ಇಂಜಿನ್ ತಂಟೆ ಇಲ್ಲದ್ದು, ಆಯಿಲ್ ಬದಲಿಸುತ್ತಾ ಹೋದರೆ ಸಾಕು. ಡೀಸೆಲ್‌ಗೆ 100 ಕುದುರೆ ಶಕ್ತಿ, ಹೈವೇಯಲ್ಲಿ ಬಾಣದ ಹಾಗೆ, ಆದರೆ ಸದ್ದು ಒಳಗೆಲ್ಲ ಕೇಳುತ್ತದೆ. ಮೊದಲ ತಲೆಮಾರಿನ ತಗಡು ತೆಳು, ಬಾಗಿಲು ಹಾಕಿದರೇ ಗೊತ್ತಾಗುತ್ತದೆ. ಬಜೆಟ್ ಸ್ವಲ್ಪ ಎಳೆದರೆ 2018ರ ಹೊಸ ಆಕಾರದ್ದು ನೋಡಿ.

ಅದೇ ದುಡ್ಡಿಗೆ ಡಿಸೈರ್‌ಗಿಂತ ಹೊಸ ಗಾಡಿ ಬೇಕು ಅಂದರೆ ಆಸ್ಪೈರ್. 2021ರಲ್ಲಿ ಫೋರ್ಡ್ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇನೆ ಅಂತ ಹೇಳಿದ ಮೇಲೆ ರೇಟ್ ಬಿತ್ತು. ಓಡಿಸಲು ಈ ಗುಂಪಿನಲ್ಲಿ ಅದನ್ನು ಮೀರಿಸುವುದು ಇಲ್ಲ. ಸರ್ವಿಸ್, ಪಾರ್ಟ್ಸ್ ಇನ್ನೂ ನಡೆಯುತ್ತಿದೆ, ಆದರೆ ಪಾರ್ಟ್ಸ್‌ಗಾಗಿ ಕಾಯುವ ತಾಳ್ಮೆ ಬೇಕು. ಗುರುತಿನ ಫೋರ್ಡ್ ಮೇಸ್ತ್ರಿ ಇಲ್ಲದಿದ್ದರೆ ಬೇಡ. ಟಾಟಾ ಝೆಸ್ಟ್ ಡೀಸೆಲ್ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಅದರಲ್ಲಿರುವುದು ಡಿಸೈರ್‌ನಲ್ಲಿರುವ ಅದೇ ಫಿಯಟ್ ಮೂಲದ 1.3 ಇಂಜಿನ್. ಚೌಕಾಶಿಗೆ ಒಳ್ಳೆ ಗಾಡಿ. ಟೊಯೊಟಾ ಎಟಿಯೋಸ್ ಕಲ್ಲಿನಂಥ ಗಾಡಿ, ಡಿಕ್ಕಿ 595 ಲೀಟರ್, ಆದರೆ ಟ್ಯಾಕ್ಸಿ ಆಗಿರದ ಎಟಿಯೋಸ್ ಹುಡುಕುವುದೇ ಒಂದು ಕೆಲಸ. ಫೋಕ್ಸ್‌ವ್ಯಾಗನ್ ಅಮಿಯೋ ಆಟೋಮ್ಯಾಟಿಕ್ ಡೀಸೆಲ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ, ಆ ಗೇರ್‌ಬಾಕ್ಸ್‌ಗೂ ನಮ್ಮ ಬಿಸಿಲಿಗೂ ಆಗಿಬರುವುದಿಲ್ಲ.

ಗಾಡಿ ನೋಡಲು ಎರಡು ಸಲ ಹೋಗಿ. ಒಮ್ಮೆ ಬೆಳಗ್ಗೆ, ಇಂಜಿನ್ ತಣ್ಣಗಿದ್ದಾಗ. ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಇನ್ನೊಮ್ಮೆ ಮಧ್ಯಾಹ್ನ 1 ಗಂಟೆಗೆ, ನೆರಳಿಲ್ಲದ ಕಡೆ ನಿಲ್ಲಿಸಿದ ಗಾಡಿಯಲ್ಲಿ ನಾಲ್ಕು ಜನ ಕೂತು ಎಸಿ ಹಾಕಿ, ಇಪ್ಪತ್ತು ನಿಮಿಷ ಓಡಿಸಿ, ಆಮೇಲೆ ನಿಂತಲ್ಲೇ ಇಂಜಿನ್ ಚಾಲೂ ಇಟ್ಟು ಕಾಯಿರಿ. ನಿಂತಾಗ ಎಸಿ ಗಾಳಿ ಬೆಚ್ಚಗಾದರೆ, ಟೆಂಪರೇಚರ್ ಮುಳ್ಳು ಮೇಲೇರಿದರೆ, ಕಂಡೆನ್ಸರೋ ರೇಡಿಯೇಟರ್ ಫ್ಯಾನೋ ಖರ್ಚಿಗೆ ಬಂದಿದೆ. ಡಿಸೆಂಬರ್‌ನಲ್ಲಿ ಸಂಜೆ ಹೊತ್ತು ಎಸಿ ನೋಡಿ ಗಾಡಿ ತಗೊಂಡವರ ಗೋಳು ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿ ಓದಿ, 2319 ಅಂದರೆ 2019ರ 23ನೇ ವಾರದ್ದು. ಬಾನೆಟ್, ಬಾಗಿಲಿನ ಬೋಲ್ಟ್ ಮೇಲೆ ಸ್ಪ್ಯಾನರ್ ಗುರುತು, ಡಿಕ್ಕಿ ತಳದಲ್ಲಿ ಹೊಸ ವೆಲ್ಡಿಂಗ್ ಕಂಡರೆ ಆಕ್ಸಿಡೆಂಟ್ ಆಗಿದೆ. ಮೇಸ್ತ್ರಿ ನಿಮ್ಮವನೇ ಇರಲಿ, ಅವನ ಕೈಗೆ ಕೂಲಿ ಕೊಡಿ. ಬ್ರೋಕರ್ ಕರೆತಂದ ಮೇಸ್ತ್ರಿ ಬ್ರೋಕರ್ ಮಾತೇ ಆಡುತ್ತಾನೆ.

ಕೆಎ 34, 35, 36, 37 ಬಿಟ್ಟು ಎಪಿ, ಟಿಎಸ್ ನಂಬರಿನ ಗಾಡಿಗಳೂ ಇಲ್ಲಿ ಬೇಕಾದಷ್ಟು ಸಿಗುತ್ತವೆ. ಆದೋನಿ, ಗುಂತಕಲ್, ಗದ್ವಾಲ್ ಪಕ್ಕದಲ್ಲೇ ಇವೆ, ಬಳ್ಳಾರಿಯಲ್ಲಂತೂ ವ್ಯಾಪಾರ ಅರ್ಧ ತೆಲುಗಲ್ಲೇ ನಡೆಯುತ್ತದೆ. ರೇಟ್ ಕಡಿಮೆ ಅಂತ ಬಿದ್ದುಬಿಡಬೇಡಿ. ಆ ಕಡೆ ಆರ್‌ಟಿಒದ ಎನ್‌ಒಸಿ (ನಮ್ಮ ಅಭ್ಯಂತರ ಇಲ್ಲ ಅನ್ನುವ ಪತ್ರ) ಬೇಕು, ಅದು ಫಾರಂ 28. ಆಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ ಹೊಸ ನಂಬರ್ ಮಾಡಿಸಬೇಕು. ಗಾಡಿ ಹಳೆಯದಾದಷ್ಟೂ ತೆರಿಗೆ ಇಳಿಯುತ್ತದೆ ನಿಜ, ಆದರೂ ಆ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿ ಗಾಡಿ ರೇಟಿಗೆ ಕೂಡಿಸಿದ ಮೇಲೇ ಅಗ್ಗವೋ ತುಟ್ಟಿಯೋ ಹೇಳಿ.

ನಮ್ಮ ನಂಬರಿನ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಫಾರಂ 29, 30 ಸಾಕು, ಸಾಲ ಇದ್ದದ್ದಾದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬೇಕು. ಬಾಕಿ ಚಲನ್‌ಗಳನ್ನು ಮಾರುವವನ ಕೈಯಲ್ಲೇ ಕಟ್ಟಿಸಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆ ಓನರಿನ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ.

ಕೈಯಲ್ಲಿ 4 ಲಕ್ಷ ಇದ್ದರೆ ಮೂರೂವರೆಯ ಗಾಡಿ ನೋಡಿ. ಟೈರು, ಬ್ಯಾಟರಿ, ಎಲ್ಲಾ ಆಯಿಲ್, ಬ್ರೇಕ್ ಪ್ಯಾಡ್, ಇನ್ಶೂರೆನ್ಸ್, ಉಳಿದ ದುಡ್ಡು ಮೊದಲ ತಿಂಗಳಲ್ಲೇ ಎಲ್ಲಿ ಹೋಯಿತು ಗೊತ್ತಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಹಿಂದೆ ಮನೆಯವರು ಕೂರುವುದಿದ್ದರೆ ಪೆಟ್ರೋಲ್ ಎಕ್ಸೆಂಟ್, ಒಬ್ಬರೋ ಇಬ್ಬರೋ ಓಡಾಡುವುದಾದರೆ ಪೆಟ್ರೋಲ್ ಅಮೇಜ್. ಹಳ್ಳಿಯಿಂದ ಹಳ್ಳಿಗೆ ತಿರುಗುವ ಕೆಲಸ, ಎಲ್ಲಿ ನಿಂತರೂ ರಿಪೇರಿ ಸಿಗಲೇಬೇಕು ಅನ್ನುವವರಿಗೆ ಡಿಸೈರ್. ಮಾತು ಕುದುರಿದರೆ ಮುಂಗಡ 5 ಸಾವಿರಕ್ಕಿಂತ ಜಾಸ್ತಿ ಕೊಡಬೇಡಿ. ದಾಖಲೆ ಸರಿ ಇಲ್ಲದಿದ್ದರೆ ವಾಪಸ್ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಫಾರಂಗಳಿಗೆ ಸಹಿ ಬಿದ್ದು ಎರಡನೇ ಕೀ ಕೈಗೆ ಬಂದ ಮೇಲೆ, ಅದೂ ಬ್ಯಾಂಕ್ ಮೂಲಕ. ಗಾಡಿ ಕೈಗೆ ಬಂದ ದಿನಾಂಕ, ಗಂಟೆ, ಮೀಟರ್ ರೀಡಿಂಗ್ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಹಿಂದಿನ ದಿನ ರಾತ್ರಿ ಆ ಗಾಡಿ ಎಲ್ಲಾದರೂ ಗುದ್ದಿದ್ದರೆ ಕೇಸು ನಿಮ್ಮ ಕೊರಳಿಗೆ ಬೀಳಬಾರದು, ಅಲ್ವಾ.